ಹನ್ನೆರಡು ವರ್ಷ ಥಂಡರ್‌ಬರ್ಡ್: ಒಮ್ಮೆ ಬರುವ, ಒಮ್ಮೆ ಬಾರದ ಮೇಲ್

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಸಹಕಾರಿ ಸಂಘಗಳ ವಾರ್ಷಿಕ ವರದಿ, ಇಂಥವೇ ಕೆಲಸ. ಮದುವೆಯವರು ಮ್ಯಾಟರ್ ಕಳಿಸುವುದು ವಾಟ್ಸಾಪ್‌ನಲ್ಲಿ. ಆದರೆ ಸಂಘ, ಶಾಲೆ, ಕಂಪನಿಗಳ ಕೆಲಸ ಇಂದಿಗೂ ಮೇಲ್‌ನಲ್ಲೇ ಬರುತ್ತದೆ. ಪ್ರೂಫ್ ಹೋಗುವುದೂ ಮೇಲ್‌ನಲ್ಲೇ. 'ಓಕೆ, ಪ್ರಿಂಟ್ ಹಾಕಿ' ಅಂತ ಬರಹದಲ್ಲಿ ಬಂದ ಮೇಲಷ್ಟೇ ಮೆಷಿನ್ ಶುರು ಮಾಡುತ್ತೇವೆ. ಅಧ್ಯಕ್ಷರ ಇನಿಷಿಯಲ್ ತಪ್ಪಾಗಿದೆ ಅಂತ ನಾಳೆ ಜಗಳಕ್ಕೆ ಬಂದರೆ ತೋರಿಸಲು ಏನಾದರೂ ಬೇಕಲ್ವಾ?

ಆ ಮೇಲ್ ನೋಡಿಕೊಳ್ಳುವುದು ಥಂಡರ್‌ಬರ್ಡ್, ಕಂಪ್ಯೂಟರ್‌ನಲ್ಲಿ ಮೇಲ್ ತರಿಸಿ ಓದುವ, ಕಳಿಸುವ ಪ್ರೋಗ್ರಾಮ್. ನಾನು ಇದನ್ನು ಹಾಕಿಕೊಂಡಿದ್ದು 2013ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಇದನ್ನು ಮಾಡಿದ ಮೊಜಿಲ್ಲಾದವರು ಇನ್ನು ಮುಂದೆ ಥಂಡರ್‌ಬರ್ಡ್ ನಮ್ಮ ಆದ್ಯತೆ ಅಲ್ಲ ಎಂದು ಹೇಳಿದ್ದರು. ಮುಚ್ಚುವ ಅಂಗಡಿಯಲ್ಲಿ ಖಾತೆ ತೆರೀತಿದೀಯಲ್ಲೋ ಅಂತ ಗೆಳೆಯನೊಬ್ಬ ನಕ್ಕಿದ್ದ. ಅಂಗಡಿ ಮುಚ್ಚಲಿಲ್ಲ. 2020ರಲ್ಲಿ ಮೊಜಿಲ್ಲಾ ಫೌಂಡೇಶನ್ ಕೆಳಗೇ ಇದಕ್ಕೆ ಬೇರೆ ಕಂಪನಿ ಮಾಡಿದರು. ಬಳಸುವವರು ಕೊಡುವ ದೇಣಿಗೆಯಿಂದ ನಡೆಯುತ್ತಿದೆ. 2023ರಲ್ಲಿ 115ನೇ ಆವೃತ್ತಿ ಬಂದಾಗ ಮುಖವೆಲ್ಲ ಬದಲಾಯಿತು. ನಮ್ಮ ಆಪರೇಟರ್ ಹುಡುಗಿ ಎರಡು ದಿನ ಗೊಣಗಿದಳು, ಆಮೇಲೆ ಒಗ್ಗಿಕೊಂಡಳು.

ಇಷ್ಟವಾಗುವ ವಿಷಯ ಮೊದಲು ಹೇಳಿಬಿಡುತ್ತೇನೆ. ಎಲ್ಲ ಮೇಲ್ ನಮ್ಮ ಡಿಸ್ಕ್‌ನಲ್ಲೇ ಇರುತ್ತದೆ. ನೆಟ್ ಇಲ್ಲದಿದ್ದರೂ ಐದು ವರ್ಷದ ಹಿಂದಿನ ಪ್ರೂಫ್ ಹುಡುಕಬಹುದು. ಪ್ರೊಫೈಲ್ ಅನ್ನುವ ಒಂದು ಫೋಲ್ಡರ್ ನಕಲು ಮಾಡಿಟ್ಟರೆ ಬ್ಯಾಕಪ್ ಮುಗಿಯಿತು. ತಿಂಗಳ ಕೊನೆಗೆ ಅದನ್ನು ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ ಮನೆಗೆ ಒಯ್ಯುತ್ತೇನೆ. ಯೂನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿ ಕಳಿಸುವವರು ಈಗಲೂ ಇದ್ದಾರೆ. ಅದು ಮಾತ್ರ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟ ಹಾಗೆ ಕಾಣುತ್ತದೆ. ಆ ತಪ್ಪು ಥಂಡರ್‌ಬರ್ಡ್‌ನದಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಹನ್ನೆರಡು ವರ್ಷದಲ್ಲಿ ಥಂಡರ್‌ಬರ್ಡ್ ಪೂರ್ತಿ ಕೆಟ್ಟು ಕೂತಿದ್ದು ನನಗೆ ನೆನಪಿಲ್ಲ. ಆದರೆ ಆಗಾಗ ಮೇಲ್ ಬರುವುದು ನಿಲ್ಲುತ್ತಿತ್ತು. ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಇಲ್ಲ, ಸಂಜೆ ಮತ್ತೆ ಬರುತ್ತದೆ. ಪೂರ್ತಿ ಕೆಟ್ಟಿದ್ದರೆ ಒಂದು ದಿನದಲ್ಲಿ ಹಿಡಿಯಬಹುದು. ಆಗಾಗ ಕೆಡುವುದನ್ನು ಹಿಡಿಯುವುದು ಹೇಗೆ? ನಮ್ಮ ಆಫ್‌ಸೆಟ್ ಮೆಷಿನ್ ಕೂಡ ಹೀಗೇ. ಮೆಕ್ಯಾನಿಕ್ ಬಂದು ನಿಂತ ದಿನ ಎರಡೆರಡು ಹಾಳೆ ಎಳೆಯುವುದೇ ಇಲ್ಲ.

ಮೊದಲ ಸಲ ಹೀಗಾಗಿದ್ದು 2019ರಲ್ಲಿ, ಮೂರನೇ ಕಂಪ್ಯೂಟರ್ ತಂದ ಮೇಲೆ. ಆರ್ಡರ್‌ಗಳಿಗೆ ಅಂತ ನಮ್ಮದೇ ಡೊಮೈನ್‌ನಲ್ಲಿ ಒಂದು ಮೇಲ್ ವಿಳಾಸ ಇದೆ. ಅದನ್ನು ಮೂರೂ ಕಂಪ್ಯೂಟರ್‌ಗೆ ಹಾಕಿದೆವು. ಎರಡರಲ್ಲಿ ಮೇಲ್ ಬಂದರೆ ಮೂರನೆಯದರಲ್ಲಿ ಬರದು. ಯಾವ ಎರಡು ಅನ್ನುವುದು ದಿನಕ್ಕೊಂದು ಥರ. ಇದಕ್ಕೆ ಉತ್ತರ ಥಂಡರ್‌ಬರ್ಡೇ ಹೇಳುತ್ತಿತ್ತು. ಸರ್ವರ್‌ಗೆ ಇರುವ ಕನೆಕ್ಷನ್ ಮಿತಿ ಮೀರಿರಬಹುದು, ಕಡಿಮೆ ಮಾಡಿ ಅಂತ ಪರದೆಯ ಮೂಲೆಯಲ್ಲಿ ಒಂದು ಚೀಟಿ ಬರುತ್ತಿತ್ತು. ಓದುವಷ್ಟರಲ್ಲಿ ಮಾಯ. ಸರ್ವರ್ ಅಂದರೆ ನಮ್ಮ ಮೇಲ್ ಬಂದು ಸೇರುವ ದೂರದ ಕಂಪ್ಯೂಟರ್. ಐಮ್ಯಾಪ್, ಅಂದರೆ ಮೇಲ್ ಸರ್ವರ್‌ನಲ್ಲೂ ಉಳಿದು ಎಲ್ಲ ಕಂಪ್ಯೂಟರ್‌ನಲ್ಲೂ ಕಾಣುವ ಬಗೆಯ ಅಕೌಂಟ್ ಆದರೆ ಥಂಡರ್‌ಬರ್ಡ್ ಒಂದೇ ಸಲ 5 ಕನೆಕ್ಷನ್‌ವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ಕಂಪ್ಯೂಟರ್ ಅಂದರೆ 15. ನಮ್ಮಂಥವರ ಡೊಮೈನ್ ಮೇಲ್ ನಡೆಸಿಕೊಡುವ ತುಂಬಾ ಹೋಸ್ಟಿಂಗ್ ಕಂಪನಿಗಳು ಬಳಸುವ ಡವ್‌ಕಾಟ್ ಅನ್ನುವ ಮೇಲ್ ಸರ್ವರ್, ಬೇರೆ ಹೇಳದಿದ್ದರೆ, ಒಂದು ಜಾಗದಿಂದ ಒಬ್ಬ ಬಳಕೆದಾರನಿಗೆ ಬಿಡುವುದು 10. ಜಿಮೇಲ್ 15ರ ತನಕ ಬಿಡುತ್ತದೆ, ಆದರೆ ಅದರಲ್ಲಿ ನಿಮ್ಮ ಫೋನಿನ ಮೇಲ್ ಆ್ಯಪೂ ಪಾಲು ಕೇಳಬಹುದು. ಅಕೌಂಟ್ ಸೆಟ್ಟಿಂಗ್ಸ್, ಅದರಲ್ಲಿ ಸರ್ವರ್ ಸೆಟ್ಟಿಂಗ್ಸ್, ಅದರಲ್ಲಿ ಅಡ್ವಾನ್ಸ್ಡ್ ಅಂತ ಹೋದರೆ ಆ 5 ಕಾಣುತ್ತದೆ. ಮೂರೂ ಕಡೆ 2 ಮಾಡಿದೆ. ಅಲ್ಲಿಗೆ ಅದು ಮುಗಿಯಿತು.

ಫೈಬರ್ ನೆಟ್ ಹಾಕಿಸಿದ ಮೇಲೆ ಇನ್ನೊಂದು ಶುರುವಾಯಿತು. ಊಟ ಮುಗಿಸಿ ಬಂದರೆ ಹೊಸ ಮೇಲ್ ಇರುತ್ತಿರಲಿಲ್ಲ. ಗೆಟ್ ಮೆಸೇಜಸ್ ಒತ್ತಿದರೆ ಸುಮ್ನೆ ಸುತ್ತುತ್ತಿತ್ತು. ಮುಚ್ಚಿ ತೆರೆದರೆ ದಡದಡನೆ ಹತ್ತು ಮೇಲ್. ಆಗುತ್ತಿದ್ದುದು ಏನೆಂದರೆ, ಹೊಸ ಮೇಲ್ ಬಂದ ಕೂಡಲೇ ಸರ್ವರ್ ತಾನೇ ಹೇಳಲಿ ಅಂತ ಥಂಡರ್‌ಬರ್ಡ್ ಒಂದು ಕನೆಕ್ಷನ್ ತೆರೆದಿಟ್ಟು ಕಾಯುತ್ತದೆ. ಇದಕ್ಕೆ ಐಡಲ್ ಎನ್ನುತ್ತಾರೆ. ಬಹಳ ಹೊತ್ತು ಮಾತುಕತೆ ಇಲ್ಲದ ಕನೆಕ್ಷನ್ನನ್ನು ಕೆಲವು ರೂಟರ್‌ಗಳು ಹೇಳದೆ ಕೇಳದೆ ಕತ್ತರಿಸಿಬಿಡುತ್ತವೆ. ಥಂಡರ್‌ಬರ್ಡ್‌ಗೆ ಅದು ಗೊತ್ತಾಗುವುದಿಲ್ಲ. ಸತ್ತ ಫೋನಿನ ರಿಸೀವರ್ ಕಿವಿಗಿಟ್ಟುಕೊಂಡು ಕೂತಿರುತ್ತದೆ. ಅಲ್ಲೇ ಅಡ್ವಾನ್ಸ್ಡ್ ಹತ್ತಿರ ಆ ಐಡಲ್‌ನ ಗುರುತು ತೆಗೆದು, 10 ನಿಮಿಷಕ್ಕೊಮ್ಮೆ ನೋಡು ಅಂತ ಇದ್ದುದನ್ನು 5 ಮಾಡಿದೆ. ಮೇಲ್ ಐದು ನಿಮಿಷ ತಡವಾದರೆ ನಮ್ಮ ಕೆಲಸಕ್ಕೇನೂ ನಷ್ಟವಿಲ್ಲ.

ಜಿಮೇಲ್ ಇರುವವರಿಗೆ ಒಂದೇ ಮಾತು. 2022ರ ಮೇ 30ರಿಂದ ಗೂಗಲ್ ವೈಯಕ್ತಿಕ ಅಕೌಂಟ್‌ಗಳಿಗೆ ಇಂಥ ಪ್ರೋಗ್ರಾಮ್‌ಗಳಲ್ಲಿ ಬರೀ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿದೆ. ಅಥೆಂಟಿಕೇಶನ್ ಜಾಗದಲ್ಲಿ, ಗೂಗಲ್‌ನ ಪುಟದಲ್ಲೇ ಲಾಗಿನ್ ಮಾಡಿಸುವ ಓಆಥ್2 ಆರಿಸಿಕೊಳ್ಳಿ. ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕುಕೀಸ್ ಬೇಡ ಅಂದಿದ್ದರೆ ಲಾಗಿನ್ ಮುಗಿಯುವುದೇ ಇಲ್ಲ. ಅಷ್ಟು ನೋಡಿಕೊಳ್ಳಿ.

ನನ್ನ ತಲೆ ತಿಂದಿದ್ದು ಹೋದ ವರ್ಷದ್ದು. ವೈಶಾಖ, ಜ್ಯೇಷ್ಠದ ಮದುವೆ ಸೀಸನ್. ದಿನಕ್ಕೆ ಒಂದು ಸಲವೋ ಎರಡು ಸಲವೋ ಆರ್ಡರ್ ಮೇಲ್ ಮೂರೂ ಕಂಪ್ಯೂಟರ್‌ನಲ್ಲಿ ಒಟ್ಟಿಗೇ ನಿಲ್ಲುತ್ತಿತ್ತು. ಒಂದೂವರೆ ನಿಮಿಷ ಸುತ್ತಿ, ಕನೆಕ್ಷನ್ ಟೈಮ್ಡ್ ಔಟ್. ಜಿಮೇಲ್ ಮಾತ್ರ ಬರುತ್ತಿತ್ತು. ಒಂದು ಗಂಟೆ ಬಿಟ್ಟರೆ ತಾನೇ ಸರಿ. ಕನೆಕ್ಷನ್ 2 ಇತ್ತು, ಐಡಲ್ ತೆಗೆದಾಗಿತ್ತು. ಆಂಟಿವೈರಸ್‌ನ ಮೇಲ್ ಸ್ಕ್ಯಾನ್ ತೆಗೆದು ನೋಡಿದೆ. ಅಕೌಂಟ್ ಅಳಿಸಿ ಮತ್ತೆ ಹಾಕಿದೆ. ಇದನ್ನು ಮಾತ್ರ ನೀವು ಮಾಡಬೇಡಿ. ಅಷ್ಟೂ ವರ್ಷದ ಮೇಲ್ ಮತ್ತೆ ಇಳಿಯಲು ಎರಡು ದಿನ ಬೇಕಾಯಿತು, ತೊಂದರೆ ಹಾಗೇ ಇತ್ತು.

ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದೆ.

'ಸರ್, ವೆಬ್‌ಮೇಲ್ ಓಪನ್ ಆಗ್ತಿದೆಯಾ?'

ವೆಬ್‌ಮೇಲ್ ಅಂದರೆ ಬ್ರೌಸರ್‌ನಲ್ಲಿ ಮೇಲ್ ನೋಡುವ ಪುಟ. ಕೌಂಟರ್‌ನಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಿದೆ. 'ಆಗ್ತಿದೆ.'

'ಹಾಗಿದ್ರೆ ನಮ್ಮ ಕಡೆ ಪ್ರಾಬ್ಲಂ ಇಲ್ಲ ಸರ್. ನಿಮ್ಮ ಸಾಫ್ಟ್‌ವೇರ್ ಚೆಕ್ ಮಾಡ್ಸಿ.'

ಈ ಮೂರು ಸಾಲಿನ ಮಾತಿನಿಂದ ನನಗೆ ಮೂರು ತಿಂಗಳು ದಂಡವಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಇನ್ನೊಂದು ಗಮನಕ್ಕೆ ಬಂತು. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಮೇಲ್ ತಕ್ಷಣ ಬರುತ್ತಿತ್ತು. ಸರಿ, ರೂಟರ್‌ನದೇ ತಪ್ಪು. 2,400 ರೂಪಾಯಿ ಕೊಟ್ಟು ಹೊಸದು ತಂದೆ. ಅದಾಗಿ ವಾರಕ್ಕೆ ಆಷಾಢ ಬಂತು. ಇಡೀ ತಿಂಗಳು ಒಂದು ಸಲವೂ ಮೇಲ್ ನಿಲ್ಲಲಿಲ್ಲ. ಪಕ್ಕದ ಸ್ಟುಡಿಯೋದವರಿಗೂ ಅದೇ ರೂಟರ್ ತಗೊಳ್ಳಿ ಅಂತ ಉಪದೇಶ ಮಾಡಿದೆ. ಶ್ರಾವಣದ ಮೊದಲ ವಾರ ಮತ್ತೆ ನಿಂತಿತು.

ಆಗ ಎಸ್ಟಿಮೇಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಲು ಶುರು ಮಾಡಿದೆ. 'ಸೋಮ 11.20ಕ್ಕೆ ನಿಂತಿತು, 12.25ಕ್ಕೆ ಬಂತು. ಮಂಗಳ ಇಡೀ ದಿನ ಸರಿ. ಬುಧ 12.05, ಮತ್ತೆ 4.40. ಗುರು 10.50.' ಹೀಗೆ ಮೂರು ವಾರ. ಒಂದು ದಿನ ಆಪರೇಟರ್ ಹುಡುಗಿ ಇಣುಕಿ ನೋಡಿ, 'ಅಣ್ಣಾ, ಅಮಾವಾಸ್ಯೆ ದಿನ ನಿಂತೇ ಇಲ್ಲ ನೋಡಿ' ಅಂದಳು. ನಕ್ಕೆ. ಆಮೇಲೆ ನೋಡಿದರೆ ನಿಜ. ಮಂಗಳವಾರಗಳೂ ಹೆಚ್ಚುಕಡಿಮೆ ಖಾಲಿ. ಆಷಾಢವೂ ಖಾಲಿ. ನಮ್ಮ ಮೇಲ್ ಪಂಚಾಂಗ ನೋಡಿ ನಿಲ್ಲುತ್ತಿತ್ತು!

ಪಂಚಾಂಗ ನೋಡುವುದು ಮದುವೆಯವರು. ಅವರು ಬಂದಾಗ ನಮ್ಮ ಅಂಗಡಿಯಲ್ಲಿ ಆಗುವ ಕೆಲಸ ಯಾವುದು? ಕಪಾಟಿನಿಂದ ಹಳೇ ಟ್ಯಾಬ್ ತೆಗೆದು, ಆನ್ ಮಾಡಿ, ಕಾರ್ಡ್ ಡಿಸೈನ್ ತೋರಿಸುತ್ತೇವೆ.

ಆ ಟ್ಯಾಬ್‌ನಲ್ಲಿ ನಾನೇ ಯಾವತ್ತೋ ಆರ್ಡರ್ ಮೇಲ್ ಹಾಕಿ ಮರೆತಿದ್ದೆ. ಯುಗಾದಿ ಹೊತ್ತಿಗೆ ಕೆಲಸದ ಹುಡುಗನೊಬ್ಬ ಬಿಟ್ಟು ಹೋದಾಗ ಪಾಸ್‌ವರ್ಡ್ ಬದಲಿಸಿದ್ದೆ. ಕಂಪ್ಯೂಟರ್‌ಗಳಲ್ಲಿ ಹೊಸದು ಹಾಕಿದೆ, ಟ್ಯಾಬ್ ನೆನಪಿಗೇ ಬರಲಿಲ್ಲ. ಅದು ಆನ್ ಆದಾಗಲೆಲ್ಲ ಅಂಗಡಿಯ ವೈಫೈ ಹಿಡಿದು ಹಳೇ ಪಾಸ್‌ವರ್ಡ್‌ನಲ್ಲಿ ಮತ್ತೆ ಮತ್ತೆ ಬಾಗಿಲು ತಟ್ಟುತ್ತಿತ್ತು. ಯಾರೋ ಕಳ್ಳ ಪಾಸ್‌ವರ್ಡ್ ಊಹಿಸುತ್ತಿದ್ದಾನೆ ಅಂತ ಸರ್ವರ್‌ನ ಕಾವಲುಗಾರ ಫೈರ್‌ವಾಲ್, ನೆಟ್‌ನಲ್ಲಿ ನಮ್ಮ ಅಂಗಡಿಯ ಗುರುತಾದ ಐಪಿ ವಿಳಾಸವನ್ನೇ ಒಂದು ಗಂಟೆ ಹೊರಗೆ ಹಾಕುತ್ತಿತ್ತು. ಟ್ಯಾಬ್‌ನ ಜೊತೆ ಮೂರೂ ಕಂಪ್ಯೂಟರ್ ಹೊರಗೆ.

ಉಳಿದದ್ದೆಲ್ಲ ಆಗ ಜೋಡಿಸಿಕೊಂಡಿತು. ರೂಟರ್ ಆಫ್ ಆಗಿ ಆನ್ ಆದರೆ ನಮಗೆ ಹೊಸ ಐಪಿ ಸಿಗುತ್ತಿತ್ತು, ಅದಕ್ಕೆ ನಿಷೇಧ ಇರುತ್ತಿರಲಿಲ್ಲ. ಇನ್ನು ವೆಬ್‌ಮೇಲ್? ಕೌಂಟರ್ ಹತ್ತಿರ ವೈಫೈ ಸರಿಯಾಗಿ ಸಿಗುವುದಿಲ್ಲ ಅಂತ ನನ್ನ ಮೊಬೈಲ್ ಯಾವಾಗಲೂ ಸಿಮ್‌ನ ಡೇಟಾದಲ್ಲೇ ಇರುತ್ತದೆ. ಅಂದರೆ ನಾನು ನೋಡಿದ್ದು ಬೇರೆ ದಾರಿಯಲ್ಲಿ ಹೋಗಿ. ಅದೇ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ನೋಡಿದ್ದರೆ ವೆಬ್‌ಮೇಲೂ ತೆರೆಯುತ್ತಿರಲಿಲ್ಲ. ಮೂರು ತಿಂಗಳು ನಾನು ಸುಮ್ನೆ ಥಂಡರ್‌ಬರ್ಡನ್ನು ಬೈದಿದ್ದೆ.

ಇದರಿಂದ ಕಲಿತ ಎರಡು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲದ್ದು. ಮೇಲ್ ನಿಂತಾಗ ಆ ಕಂಪ್ಯೂಟರನ್ನೇ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ. ತಕ್ಷಣ ಬಂದರೆ ಪಾಸ್‌ವರ್ಡ್ ಸರಿಯಿದೆ, ಪ್ರೋಗ್ರಾಮ್ ಸರಿಯಿದೆ, ಸರ್ವರ್ ಬದುಕಿದೆ. ಅಡ್ಡಿ ಇರುವುದು ನಿಮ್ಮ ಜಾಗದ ನೆಟ್ ಮತ್ತು ಸರ್ವರ್ ನಡುವೆ. ಇನ್ನೊಂದು, ಎಷ್ಟು ಹೊತ್ತಿಗೆ ಸೋಲುತ್ತದೆ ನೋಡಿ. ಒತ್ತಿದ ಕೂಡಲೇ ಪಾಸ್‌ವರ್ಡ್ ತಪ್ಪು ಅಂತಲೋ ಕನೆಕ್ಷನ್ ಜಾಸ್ತಿ ಅಂತಲೋ ಬೈದರೆ ಸರ್ವರ್ ನಿಮ್ಮ ಜೊತೆ ಮಾತಾಡುತ್ತಿದೆ. ಬಹಳ ಹೊತ್ತು ಸುತ್ತಿ ಟೈಮ್ಡ್ ಔಟ್ ಅಂದರೆ ಉತ್ತರವೇ ಬರುತ್ತಿಲ್ಲ. ಥಂಡರ್‌ಬರ್ಡ್ ಹಾಗೆ ಕಾಯುವುದು 100 ಸೆಕೆಂಡ್. ಹಾಂ, ಸರಿ ಇರುವ ಪಾಸ್‌ವರ್ಡನ್ನೇ ಅದು ಮತ್ತೆ ಕೇಳಿದರೆ ಕ್ಯಾನ್ಸಲ್ ಒತ್ತಿ. ಅವಸರದಲ್ಲಿ ತಪ್ಪು ಟೈಪ್ ಮಾಡಿದರೆ ಅದೂ ಸರ್ವರ್ ಇಟ್ಟಿರುವ ತಪ್ಪು ಪಾಸ್‌ವರ್ಡ್‌ಗಳ ಲೆಕ್ಕಕ್ಕೆ ಸೇರುತ್ತದೆ.

ಥಂಡರ್‌ಬರ್ಡ್ ಮೇಲೆ ನನ್ನ ದೂರು ಇರುವುದು ಇಲ್ಲೇ. ಗೊತ್ತಿದ್ದದ್ದನ್ನೂ ನೆಟ್ಟಗೆ ಹೇಳುವುದಿಲ್ಲ. ನೆಟ್ ಹೋದರೂ ಟೈಮ್ಡ್ ಔಟ್ ಅನ್ನಬಹುದು, ಫೈರ್‌ವಾಲ್ ತಡೆದರೂ ಅದೇ ಅನ್ನಬಹುದು, ಸರ್ವರ್ ಬಿದ್ದರೂ ಅದೇ ಅನ್ನಬಹುದು. ಜಿಮೇಲ್ ಬರ್ತಿದೆ, ಇದೊಂದೇ ಬರ್ತಿಲ್ಲ ಅನ್ನುವುದು ಅದಕ್ಕೇ ಕಾಣುತ್ತದಲ್ಲ, ಅಷ್ಟಾದರೂ ಹೇಳಬಾರದಾ? ಒಳಗಿನ ಮಾತುಕತೆ ಬರೆದಿಡುವ ಲಾಗ್ ಸೌಲಭ್ಯ ಇದೆ. ಆದರೆ ನಮ್ಮಂಥವರು ಅದನ್ನು ಆನ್ ಮಾಡಿ ಓದುವುದು ಆಗದ ಮಾತು. ಬೇಕಾದ ಸೆಟ್ಟಿಂಗ್‌ಗಳೆಲ್ಲ ಮೂರು ಬಾಗಿಲ ಒಳಗಿವೆ.

ಹಾಗಂತ ಬಿಡುವ ಯೋಚನೆ ಇಲ್ಲ. ಟ್ಯಾಬ್‌ನಿಂದ ಆ ಅಕೌಂಟ್ ತೆಗೆದ ಮೇಲೆ ದೀಪಾವಳಿ, ಸಂಕ್ರಾಂತಿ, ಮತ್ತೊಂದು ಮದುವೆ ಸೀಸನ್ ಕಳೆದಿದೆ. ಎಸ್ಟಿಮೇಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಆಮೇಲೆ ಬರೆದಿರುವುದು ಎರಡೇ ಸಾಲು, ಎರಡೂ ಸಲ ಬೀದಿಯಲ್ಲಿ ಫೈಬರ್ ತುಂಡಾಗಿತ್ತು. ಐದಕ್ಕೆ ನಾಲ್ಕು ಕೊಡುತ್ತೇನೆ. ಹಳೇ ರೂಟರ್ ಅಟ್ಟದ ಮೇಲಿದೆ. ಏನೂ ಆಗಿಲ್ಲ, ಚೆನ್ನಾಗೇ ಇದೆ. ದಾವಣಗೆರೆಯವರು ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.