ಮೊಟ್ಟೆಯ ಹಳದಿಗೆ ಗೋವಿನಜೋಳವೋ, ಸೊಪ್ಪೋ, ಬ್ಯಾಡಗಿಯೋ?

ಹಳದಿಯ ಬಣ್ಣವನ್ನು ಕೋಳಿ ತಾನಾಗಿ ತಯಾರಿಸಲಾರದು. ಅದೆಲ್ಲ ತಿಂದ ಮೇವಿನ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳಿಂದಲೇ ಬರಬೇಕು, ಮುಖ್ಯವಾಗಿ ಲ್ಯೂಟಿನ್ ಮತ್ತು ಝಿಯಾಕ್ಸಾಂತಿನ್‌ನಿಂದ. ಹಾವೇರಿ ಕಡೆಯ ನಮ್ಮ ಹಿತ್ತಲಲ್ಲಿ ಜವಾರಿ ಕೋಳಿಗಳನ್ನು ಬೇರೆ ಬೇರೆ ಗೂಡಿಗೆ ಹಾಕಿ, ಒಂದೊಂದು ಗೂಡಿಗೆ ಒಂದೊಂದು ಮೇವು ಕೊಟ್ಟು ನೋಡಿದೆ. ಮರುದಿನವೇ ಫಲ ಕಾಣದು. ಒಂದು ಹಳದಿ ಬಲಿಯಲು ಸುಮಾರು 10 ದಿನ ಬೇಕು.

ಅಕ್ಕಿನುಚ್ಚು, ಬಿಳಿಜೋಳ ತಿಂದವುಗಳ ಹಳದಿ ಬಿಳಿಚಿಕೊಂಡಿತು. ಈ ಕಾಳುಗಳಲ್ಲಿ ಬಣ್ಣವೇ ಇಲ್ಲವಲ್ಲ.

ಗೋವಿನಜೋಳ ಹಾಕಿದ ಗೂಡಿನಲ್ಲಿ ಒಳ್ಳೆಯ ಹಳದಿ ಬಂತು. ಕಾಳು ಹೊಸದಿರಬೇಕು, ಅಷ್ಟೆ. ಬಹಳ ದಿನ ಮೂಟೆಯಲ್ಲಿ ಕೂತರೆ ಅದರ ಬಣ್ಣ ಕುಂದುತ್ತದೆ.

ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಸೊಪ್ಪು. ನುಗ್ಗೆಸೊಪ್ಪು, ಕುದುರೆಮೆಂತೆ (ಲೂಸರ್ನ್ ಮೇವು) ಎರಡರಲ್ಲೂ ಲ್ಯೂಟಿನ್ ಧಾರಾಳ. ಎಲೆಯ ಹಸಿರಿನ ಹಿಂದೆ ಅಡಗಿದ್ದ ಹಳದಿ ಮೊಟ್ಟೆಯಲ್ಲಿ ಎದ್ದು ಕಾಣುತ್ತದೆ. ಗೋವಿನಜೋಳದ ಜೊತೆ ಕೊಟ್ಟಾಗ ಬಂಗಾರದ ಬಣ್ಣ ಬಂತು. ಒಣಗಿಸಿಡುವುದಾದರೆ ನೆರಳಲ್ಲೇ ಒಣಗಿಸಿ, ಬಿಸಿಲು ಬಣ್ಣವನ್ನು ಸುಟ್ಟುಬಿಡುತ್ತದೆ. ಲ್ಯೂಟಿನ್ ನಮ್ಮ ಕಣ್ಣಿನ ಅಕ್ಷಿಪಟಲದಲ್ಲೂ ಸೇರಿಕೊಳ್ಳುವ ವಸ್ತು. ಹಳದಿಯ ಕೊಬ್ಬಿನೊಂದಿಗೆ ಬರುವುದರಿಂದ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಈ ಬಣ್ಣ ಬರೀ ನೋಟಕ್ಕಲ್ಲ.

ಚೆಂಡುಹೂವಿನ ಎಸಳಿನಲ್ಲಿ ಲ್ಯೂಟಿನ್ ಇನ್ನೂ ಹೆಚ್ಚು. ಕೋಳಿ ಮೇವಿಗೆ ಬಣ್ಣ ಕೂಡಿಸಲು ಕಂಪನಿಗಳೂ ಇದರ ಸಾರವನ್ನೇ ಬಳಸುತ್ತವೆ. ಆದರೆ ದೀಪಾವಳಿ ಮುಗಿದ ಮೇಲೆ ಸಂತೆಯಲ್ಲಿ ಉಳಿದ ಹೂವನ್ನು ತಂದು ಹಾಕಬೇಡಿ, ಅದಕ್ಕೆ ಯಾವ ಔಷಧಿ ಹೊಡೆದಿರುತ್ತಾರೋ ಹೇಳಲಾಗದು. ಹಿತ್ತಲಲ್ಲಿ ಬೆಳೆದದ್ದಾದರೆ ಮಾತ್ರ ಸರಿ.

ಇನ್ನು ಬ್ಯಾಡಗಿ ಮೆಣಸಿನಕಾಯಿ. ಕೋಳಿಗೆ ಖಾರ ತಟ್ಟುವುದಿಲ್ಲ, ಪುಡಿ ಕಲಸಿದ ಮೇವನ್ನು ನಿಶ್ಚಿಂತೆಯಿಂದ ಕುಕ್ಕುತ್ತದೆ. ಇದರ ಕ್ಯಾಪ್ಸಾಂತಿನ್ ಕೆಂಪು ಬಣ್ಣದ್ದು. ಚಿಟಿಕೆ ಹೆಚ್ಚಾದರೂ ಹಳದಿ ಕಿತ್ತಳೆಯಾಗುತ್ತದೆ. ನೋಡಿದವರು ಬೆರಗಾಗುತ್ತಾರೆ, ಆದರೆ ಅದರಿಂದ ಮೊಟ್ಟೆಯ ಪ್ರೋಟೀನ್ ಒಂದಿಷ್ಟೂ ಹೆಚ್ಚದು. ಬ್ಯಾಡಗಿಯ ಬೆಲೆಗೆ ಅದು ಅಡುಗೆಮನೆಯಲ್ಲಿರುವುದೇ ಲೇಸು.

ಹತ್ತಿಕಾಳಿನ ಹಿಂಡಿಯನ್ನಂತೂ ದೂರವಿಡಿ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತುವಿನಿಂದ, ಕೆಲವು ದಿನ ತೆಗೆದಿಟ್ಟ ಮೊಟ್ಟೆಯ ಹಳದಿ ಕಂದು-ಹಸಿರಿಗೆ ತಿರುಗುತ್ತದೆ. ಈಗ ನಮ್ಮ ಗೂಡುಗಳಿಗೆಲ್ಲ ಹೊಸ ಗೋವಿನಜೋಳ, ದಿನಾ ಒಂದು ಹಿಡಿ ನುಗ್ಗೆಸೊಪ್ಪು, ಚಿಪ್ಪಿಗೆಂದು ಸುಣ್ಣದಕಲ್ಲಿನ ಹರಳು. ಸೊಪ್ಪು ಸಿಗದ ಬೇಸಿಗೆಯಲ್ಲಿ ನೆರಳಲ್ಲಿ ಒಣಗಿಸಿದ ಕುದುರೆಮೆಂತೆ.