ಸ್ಪಾಯ್ಲರ್‌ಗೆ ಸ್ಟೇನ್‌ಲೆಸ್ ಎಂ6 ಬೋಲ್ಟ್ ಸೆಟ್: ಕೊಳ್ಳಬಹುದೇ?

ಕಾರಿನ ಡಿಕ್ಕಿ ಮೇಲಿನ ಸ್ಪಾಯ್ಲರ್‌ಗೆ (ರೆಕ್ಕೆಯಂಥ ಪಟ್ಟಿ) ಎಂ6, ಅಂದರೆ 6 ಮಿ.ಮೀ. ಬೋಲ್ಟ್ ಕೂರುವ ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಲೋಹದ ಕೊಳವೆ) ಇದ್ದರೆ 304 ದರ್ಜೆಯ ಸ್ಟೇನ್‌ಲೆಸ್ ಸೆಟ್ ಧಾರಾಳವಾಗಿ ಕೊಳ್ಳಿ. ಮಳೆಗೆ ಬೇಗ ತುಕ್ಕು ಹಿಡಿಯದು. ಪಿಚ್ (ಥ್ರೆಡ್‌ಗಳ ನಡುವಿನ ಅಂತರ) 1.0 ಮಿ.ಮೀ. ಎಂದು ಕೇಳಿ. ಕಾಲಿಂಚಿನ ಬೋಲ್ಟ್ ಬೇಡವೇ ಬೇಡ: ದಪ್ಪ 6.35 ಮಿ.ಮೀ., ಬಲವಂತವಾಗಿ ತಿರುಗಿಸಿದರೆ ಹಿತ್ತಾಳೆ ಇನ್ಸರ್ಟ್‌ನ ಥ್ರೆಡ್ ಕಿತ್ತುಹೋಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಉದ್ದದಲ್ಲೇ. ಡಿಕ್ಕಿಯ ಶೀಟು, ರಬ್ಬರ್, ವಾಷರ್ ಸೇರಿ ದಪ್ಪ 5 ಮಿ.ಮೀ., ಇನ್ಸರ್ಟ್ ಆಳ 12 ಮಿ.ಮೀ. ಇದ್ದರೆ 16ರ ಬೋಲ್ಟ್ ಸರಿ. 20ರದು ತಳಕ್ಕೆ ತಾಗುತ್ತದೆ. ಬಿಗಿಯಾದಂತೆ ಅನಿಸಿದರೂ ಸ್ಪಾಯ್ಲರ್ ಅಲುಗುತ್ತದೆ. ಮೊದಲು ಕಡ್ಡಿ ಇಳಿಸಿ ಆಳ ಅಳೆಯಿರಿ.

ಸೆಟ್‌ನ 12 ಮಿ.ಮೀ. ವಾಷರ್ ತೆಳು ಶೀಟಿಗೆ ಸಾಲದು, ಒತ್ತಿದರೆ ತಗ್ಗು ಬೀಳುತ್ತದೆ. 18 ಮಿ.ಮೀ. ಅಗಲದ್ದನ್ನು ಬಿಡಿಯಾಗಿ ಕೊಳ್ಳಿ. ಎಬಿಎಸ್ ಎಂಬ ಪ್ಲಾಸ್ಟಿಕ್‌ನ ಸ್ಪಾಯ್ಲರ್‌ಗೆ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಹಚ್ಚಬೇಡಿ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ಸ್ಪ್ರಿಂಗ್ ವಾಷರ್ ಸಾಕು.