ವಾರ್ಡಿನ ಹಿರಿಯರ ಲೆಕ್ಕಕ್ಕೆ ಯಾವುದು: ಜನಗಣತಿ, ಮತದಾರರ ಪಟ್ಟಿ, ಮನೆಮನೆ ಸಮೀಕ್ಷೆ?

ಬೆಂಗಳೂರಿನಲ್ಲಿ ಹಿರಿಯರ ಡೇ ಕೇರ್ (ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ) ತೆರೆಯಲು ಹೊರಟ ಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಕೈಹಾಕುವುದು 2011ರ ಜನಗಣತಿಗೆ. ಆದರೆ ಅದರಲ್ಲಿ ವಾರ್ಡ್ ಮಟ್ಟಕ್ಕೆ ಸಿಗುವುದು ಒಟ್ಟು ಜನಸಂಖ್ಯೆ, 6 ವರ್ಷದವರೆಗಿನ ಮಕ್ಕಳು, ಸಾಕ್ಷರರು, ದುಡಿಯುವವರು ಇಂಥ ಅಂಕಿಗಳಷ್ಟೇ. 60 ದಾಟಿದವರ ಸಂಖ್ಯೆಗೆ ವಾರ್ಡಿಗಿಂತ ಮೇಲಿನ ಮಟ್ಟದ ಕೋಷ್ಟಕವೇ ಗತಿ. ಆಗಿನ 198 ವಾರ್ಡುಗಳ ಗಡಿಯೂ ಈಗಿಲ್ಲ. ನಗರ ಮಟ್ಟದ ಬಜೆಟ್‌ಗೆ ಪರವಾಗಿಲ್ಲ, ಜಾಗ ಆರಿಸಲು ಬೇಡ.

ಮತದಾರರ ಪಟ್ಟಿ ಇನ್ನೂ ಹತ್ತಿರದ್ದು. ಭಾಗವಾರು (ಒಂದು ಮತಗಟ್ಟೆಯ ವ್ಯಾಪ್ತಿಗೆ ಒಂದು ಭಾಗ) ಮನೆ ಸಂಖ್ಯೆ, ವಯಸ್ಸು, ಲಿಂಗ ಇರುತ್ತದೆ. 60 ಮೀರಿದವರನ್ನು ಬೀದಿವಾರು ಎಣಿಸಬಹುದು. ಜಯನಗರ, ಬಸವನಗುಡಿಯಂಥ ಹಳೆಯ ಬಡಾವಣೆಗಳಿಗೆ ಇದು ಒಳ್ಳೆಯ ಆರಂಭ. ತೀರಿಕೊಂಡವರ, ಮನೆ ಬಿಟ್ಟವರ ಹೆಸರು ಉಳಿದಿರುವುದುಂಟು, ಹಾಗಾಗಿ ಒಂದು ಭಾಗದ 50 ಮನೆ ತಟ್ಟಿ ಎಷ್ಟು ಕಳೆಯಬೇಕೆಂದು ನೋಡಿ. ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಮಾತ್ರ ಇದನ್ನು ನೆಚ್ಚಬೇಡಿ: ರಾಯಚೂರು, ಕಲಬುರಗಿಯಿಂದ ಬಂದ ಎಷ್ಟೋ ಜನರ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ.

ಅಲ್ಲಿ ಸ್ವಂತ ಸಮೀಕ್ಷೆಯೇ ಸರಿ. 200 ಮನೆ ಸಾಕು, ಆದರೆ ಮೊದಲು ಎಲ್ಲ ಮನೆಗಳ ಪಟ್ಟಿ ನೀವೇ ಮಾಡಿಕೊಂಡು ಅದರಲ್ಲಿ ಪ್ರತಿ ಐದನೆಯ ಮನೆಯನ್ನೇ ಹಿಡಿಯಿರಿ. ಬಾಗಿಲು ತೆರೆದವರನ್ನಷ್ಟೇ ಕೇಳಿದರೆ ಹಗಲು ಮನೆಯಲ್ಲಿರುವ ವೃದ್ಧರೇ ಹೆಚ್ಚಾಗಿ ಕಾಣುತ್ತಾರೆ. ಶಿಫ್ಟ್ ಕೆಲಸಗಾರರಿಗಾಗಿ ಭಾನುವಾರ ಮತ್ತೊಮ್ಮೆ ಹೋಗಿ. ವಯಸ್ಸಿನ ಜೊತೆಗೆ ‘ಹಗಲು ಇವರ ಜೊತೆ ಯಾರಿರುತ್ತಾರೆ?’ ಎಂದು ಕೇಳಲೇಬೇಕು. ಡೇ ಕೇರ್ ಯಾರಿಗೆ ಬೇಕೆಂದು ತಿಳಿಯುವುದು ಆ ಉತ್ತರದಿಂದಲೇ.

ಕಂಪನಿಗಳ ಶಿಶುಪಾಲನಾ ಕೇಂದ್ರಕ್ಕೆ ಇವ್ಯಾವುವೂ ಬೇಡ, ಸಿಬ್ಬಂದಿ ದಾಖಲೆಯೇ ಸಾಕು. 50 ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಶಿಶುಪಾಲನಾ ಸೌಲಭ್ಯ ಕೇಂದ್ರ ಸರ್ಕಾರದ ಕಾನೂನಿನಂತೆ ಕಡ್ಡಾಯ.